ಆರನೇ ಕೇಬಲ್, ಏಳನೇ ಕೇಬಲ್

ಜುಲೈ 2, 2025, ಬುಧವಾರ

ಎಂಟನೇ ಕ್ಲಾಸಿನಲ್ಲಿ ಕನ್ನಡ ಟೀಚರ್ ಹಿಡಿಸಿದ ಚಟ ಈ ಡೈರಿ. ಪ್ರಾರ್ಥನೆಗೂ ಜಗಳಕ್ಕೂ ನನಗೆ ಕೊಂಕಣಿ ಸಾಕು, ಪ್ರಬಂಧಗಳಿಗೆ ಇಂಗ್ಲಿಷ್. ಹೊಟ್ಟೆಯೊಳಗಿನದನ್ನು ಹೊರಗೆ ಹಾಕಬೇಕಾದರೆ ಮಾತ್ರ ಕನ್ನಡವೇ ಆಗಬೇಕು. ಎರಡು ವರ್ಷದಿಂದ ಬರೆದಿರಲಿಲ್ಲ. ಇವತ್ತು ಬರೆಯದಿದ್ದರೆ ಮನೆಯಲ್ಲಿ ಯಾರ ಮೇಲಾದರೂ ಹಾರಿ ಬೀಳುತ್ತೇನೆ.

ಬೆಳಿಗ್ಗೆ ನಮ್ಮ ಗೈಡ್ ಗುಣಪಾಲ ಸರ್ ನಮ್ಮಿಬ್ಬರನ್ನೂ ಕರೆದರು. ಇಬ್ಬರು ಅಂದರೆ, ಮಣಿಪಾಲದ ಈ ಲ್ಯಾಬಿನಲ್ಲಿ ಆರು ವರ್ಷದಿಂದ ಕಣ್ಣು ಹಾಳು ಮಾಡಿಕೊಳ್ಳುತ್ತಿರುವ ನಾನು, ಮತ್ತು ಬಂದು ಹದಿನೆಂಟು ತಿಂಗಳಾದ ವಿಭಾ. ಜನವರಿಯಲ್ಲಿ ಜಪಾನಿಗೆ ಹೋಗಿ ನಾವು ಮೂವರೂ ಮಾಡಿಕೊಂಡು ಬಂದ ಪ್ರಯೋಗದ ಅಂಕಿಅಂಶಗಳನ್ನು ನಾವಿಬ್ಬರೂ ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕಂತೆ. ಒಬ್ಬರ ಗ್ರಾಫ್ ಇನ್ನೊಬ್ಬರು ನೋಡುವ ಹಾಗಿಲ್ಲ, ಕೇಳುವ ಹಾಗಿಲ್ಲ, ಹೇಳುವ ಹಾಗಿಲ್ಲ. ಮುಗಿದ ಮೇಲೆ ಕವರಿಗೆ ಹಾಕಿ, ಅಂಟಿಸಿ, ಆಫೀಸಿನ ರಮಾಮಣಿಯವರ ಕೈಗೆ ಕೊಡುವುದು. ಸೆಪ್ಟೆಂಬರ್ ಆರಕ್ಕೆ ವಿಭಾಗದ ಎಲ್ಲರ ಎದುರು ಎರಡನ್ನೂ ಒಡೆಯುವುದು.

“ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟಬಾರದು ನೋಡಿ, ಅದಕ್ಕೆ” ಅಂದರು ಸರ್. ಆಮೇಲೆ ಏನೋ ನೆನಪಾದವರ ಹಾಗೆ, “ಯಾರ ಲೆಕ್ಕ ನಿಲ್ಲುತ್ತದೋ ಪೇಪರಿನಲ್ಲಿ ಅವರ ಹೆಸರು ಮೊದಲು. ನವೆಂಬರಿನಲ್ಲಿ ಜಪಾನಿನ ಮುಂದಿನ ಪ್ರಯೋಗಕ್ಕೆ ನಮಗೆ ಒಂದೇ ಸೀಟು ಉಂಟು. ಅದೂ ಅವರಿಗೇ” ಅಂದರು.

ಆರು ವರ್ಷ! ಕಣಗಳನ್ನು ಎಣಿಸುವ ನಮ್ಮ ಡಿಟೆಕ್ಟರಿನ ಪ್ರತಿಯೊಂದು ಸ್ಕ್ರೂ ನನ್ನ ಕೈಯದು. ವಿಭಾಳಿಗೆ ಬೆಸುಗೆ ಹಾಕಲು ಕಲಿಸಿದವಳು ನಾನು. ಈಗ ಅವಳ ಜೊತೆ ಓಟದ ಪಂದ್ಯ. ಅವಳು ತಲೆ ಅಲ್ಲಾಡಿಸಿ, “ಅಕ್ಕನ ಎದುರು ನಾನೆಂತ ಸರ್” ಅಂದಳು. ಆ ವಿನಯ ನೋಡಿದರೆ ಮೈ ಉರಿಯುತ್ತದೆ.

ಸರ್ ಕಾರ್ಕಳದವರು. ವಿಭಾಳೂ ಕಾರ್ಕಳದವಳು. ಇದಕ್ಕೆ ಅರ್ಥ ಉಂಟು ಎಂದು ನಾನು ಹೇಳುತ್ತಿಲ್ಲ, ಸುಮ್ಮನೆ ಬರೆದಿಟ್ಟಿದ್ದೇನೆ.

ಜುಲೈ 5, ಶನಿವಾರ

ಊಟಕ್ಕೆ ಕೂತಾಗ ಅಮ್ಮ, ನಮ್ಮ ಕೊಂಕಣಿಯ ಮಾಂಯ್, ಕೇಳಿದಳು, “ನೀನು ಹೇಳುವ ಆ ಬೋರಾನ್ ಅಂದರೆ ಎಂತ? ಕೇರಂ ಬೋರ್ಡಿಗೆ ಹಾಕುವ ಪುಡಿಯಾ?”

ಅದೇ ಕುಲದ್ದು ಅಂದೆ. ಮಾಮೂಲಿ ಬೋರಾನಿನ ನ್ಯೂಕ್ಲಿಯಸ್ಸಿನಲ್ಲಿ ಐದು ಪ್ರೋಟಾನ್, ಜೊತೆಗೆ ಐದೋ ಆರೋ ನ್ಯೂಟ್ರಾನ್. ನಮ್ಮದರಲ್ಲಿ ನ್ಯೂಟ್ರಾನ್ ಬರೀ ಮೂರು. ಪ್ರೋಟಾನುಗಳು ಒಂದನ್ನೊಂದು ತಳ್ಳುತ್ತವೆ, ಹಿಡಿದಿಡಲು ಸಾಕಷ್ಟು ನ್ಯೂಟ್ರಾನ್ ಇಲ್ಲ, ಹೊರಗಿನ ಒಂದು ಪ್ರೋಟಾನ್ ಈಗಲೋ ಆಗಲೋ ಎಂಬಂತೆ ನೇತಾಡುತ್ತಿರುತ್ತದೆ. ಒಂದು ಸೆಕೆಂಡಿನೊಳಗೆ ಕತೆ ಮುಗಿಯುತ್ತದೆ. ಅಷ್ಟರೊಳಗೆ ಅದನ್ನು ಸೀಸದ ತೆಳು ಹಾಳೆಗೆ ಹೊಡೆಯುವುದು, ಯಾವ ಕೋನಕ್ಕೆ ಎಷ್ಟು ಚದುರಿದವು ಎಂದು ಎಣಿಸುವುದು. ಗೋಡೆ ನಮಗೆ ಗೊತ್ತಿರುವುದು, ಚೆಂಡು ಗೊತ್ತಿಲ್ಲದ್ದು. ಪುಟಿಯುವ ರೀತಿ ನೋಡಿ ಚೆಂಡು ಎಷ್ಟು ದೊಡ್ಡದು, ಎಷ್ಟು ಸಡಿಲ ಎಂದು ಹೇಳಬೇಕು.

“ಒಂದು ಸೆಕೆಂಡೂ ಬದುಕದ್ದಕ್ಕೆ ಆರು ವರ್ಷವಾ?” ಅಂದಳು. ಆಮೇಲೆ, “ವಿಭಾ ಯಾಕೆ ಶಿರ್ವಕ್ಕೆ, ನಮ್ಮ ಮನೆಗೆ, ಬರಲೇ ಇಲ್ಲ ಈಚೆಗೆ? ಎಷ್ಟು ಒಳ್ಳೆಯ ಹುಡುಗಿ!”

ಬಟ್ಟಲು ಎತ್ತಿಕೊಂಡು ಎದ್ದುಬಿಟ್ಟೆ. ಮೀನುಸಾರು ಚೆನ್ನಾಗಿತ್ತು, ಇನ್ನೊಂದು ಸೌಟು ಹಾಕಿಸಿಕೊಳ್ಳುವ ಆಸೆಯಿತ್ತು.

ಜುಲೈ 14, ಸೋಮವಾರ

ವಿಭಾ ಬಂದದ್ದು ಒಂಬತ್ತು ಹತ್ತಕ್ಕೆ. ಹೋದದ್ದು ಆರು ನಲವತ್ತಕ್ಕೆ. ಸರ್ ಅವಳ ಮೇಜಿನ ಹತ್ತಿರ ಮೂರು ಸಲ ಹೋದರು, ಒಂದು ಸಲ ನಗುವೂ ಕೇಳಿಸಿತು. ನನ್ನ ಮೇಜಿನ ಹತ್ತಿರ ಒಂದು ಸಲ ಬಂದರು, ಸ್ಟೇಪ್ಲರ್ ಕೇಳಲು.

ಜುಲೈ 22, ಮಂಗಳವಾರ

ಹಳೆಯ ಬ್ಯಾಗ್ ಕೊಡವುವಾಗ ಜಪಾನಿಗೆ ಒಯ್ದಿದ್ದ ಪುಟ್ಟ ನೋಟ್‌ಬುಕ್ ಸಿಕ್ಕಿತು. ಒಂದು ಪುಟದಲ್ಲಿ ನನ್ನದೇ ಅಕ್ಷರ: “6, 7 ಅದಲುಬದಲು ಮಾಡಿದೆ. ಲಾಗ್‌ಬುಕ್ಕಿಗೆ ಬರೆಯಬೇಕು.”

ಬರೆದಿರಲಿಲ್ಲ! ಈಗ ಎಲ್ಲ ನೆನಪಾಯಿತು. ಡಿಟೆಕ್ಟರಿನಿಂದ ಬರುವ ಹದಿನಾರು ಕೇಬಲ್‌ಗಳಲ್ಲಿ ಒಂದೊಂದೂ ಒಂದೊಂದು ಕೋನದ ಎಣಿಕೆ ತರುತ್ತದೆ. ಆರನೇ ಸಾಕೆಟ್ ಸ್ವಲ್ಪ ಸಡಿಲ ಅನ್ನಿಸಿ ಆರು, ಏಳನೇ ಕೇಬಲ್‌ಗಳನ್ನು ನಾನು ಒಂದರ ಜಾಗಕ್ಕೆ ಇನ್ನೊಂದನ್ನು ಚುಚ್ಚಿದ್ದೆ. ಯಂತ್ರದಿಂದ ಬೋರಾನಿನ ಕಿರಣ ಬರುವುದಕ್ಕೆ ಇನ್ನೂ ಎರಡು ಗಂಟೆಯಿತ್ತು. ಶಿಫ್ಟ್ ಮುಗಿದಾಗ ಮುಂದಿನವರ ಜೊತೆ ಕಾಲು ಗಂಟೆ ಕೂತು ಏನೇನು ಮಾಡಿದೆ ಎಂದು ಒಪ್ಪಿಸಿ ಹೋಗುವುದು ಎಲ್ಲ ಕಡೆಯ ಪದ್ಧತಿ. ಮುಂದಿನವಳು ವಿಭಾ. ಆಗಲೇ ಸರ್ ಅವಳ ಬೆನ್ನು ತಟ್ಟಿ, “ಇವಳ ಕಣ್ಣಿಗೆ ಏನೂ ತಪ್ಪುವುದಿಲ್ಲ” ಎನ್ನುತ್ತಿದ್ದರು. ನಾನು ಲಾಗ್‌ಬುಕ್ಕಿಗೆ ಸಹಿ ಎಳೆದು, ಜಾಕೆಟ್ ಹಾಕಿಕೊಂಡು ಸೀದಾ ಗೆಸ್ಟ್ ಹೌಸಿಗೆ ನಡೆದೆ.

ಹಾಗಾದರೆ ಇಡೀ ಪ್ರಯೋಗದಲ್ಲಿ ಆರರ ಎಣಿಕೆ ಏಳರ ಹೆಸರಿನಲ್ಲಿ ಉಂಟು, ಏಳರದ್ದು ಆರರ ಹೆಸರಿನಲ್ಲಿ. ಇದು ಈ ಪ್ರಪಂಚದಲ್ಲಿ ಗೊತ್ತಿರುವುದು ನನಗೊಬ್ಬಳಿಗೆ. ವಿಭಾ ಕೇಬಲ್ ಸರಿಯಾಗಿದ್ದವು ಎಂದೇ ಲೆಕ್ಕ ಹಾಕುತ್ತಿರುತ್ತಾಳೆ, ಪಾಪ. ಅವಳಿಗೆ ಹೇಳಬೇಕು ಎಂದು ಒಂದು ಕ್ಷಣ ಅನ್ನಿಸಿತು. ಹೇಳುವ ಹಾಗಿಲ್ಲವಲ್ಲ. ನಿಯಮ ಮಾಡಿದ್ದು ನಾನಲ್ಲ.

ಆಗಸ್ಟ್ 1, ಶುಕ್ರವಾರ

ಸಿಕ್ಕಿತು!

ಆರು ಮತ್ತು ಏಳನ್ನು ತಿರುವಿ ಹಾಕಿ ಲೆಕ್ಕ ಮಾಡಿದರೆ ಗ್ರಾಫ್ ಸುಮ್ಮನೆ ಇಳಿದುಕೊಂಡು ಹೋಗುವುದಿಲ್ಲ. ನಡುವಿನಲ್ಲಿ ಒಂದು ತಗ್ಗು ಬೀಳುತ್ತದೆ, ಪಕ್ಕದಲ್ಲೇ ಒಂದು ಉಬ್ಬು. ತಗ್ಗು ಎಷ್ಟು ಆಳವೋ ಉಬ್ಬು ಅಷ್ಟೇ ಎತ್ತರ. ಎಷ್ಟು ಚೆಂದ! ಹೊರಗೆ ನೇತಾಡುವ ಪ್ರೋಟಾನ್ ಎಲ್ಲರೂ ಅಂದುಕೊಂಡದ್ದಕ್ಕಿಂತ ಬಹಳ ದೂರ ಚಾಚಿಕೊಂಡಿದ್ದರೆ ಇಂಥ ತಗ್ಗು ಬರಬಹುದು. ಇದು ನಿಜವಾದರೆ ಜನ ವರ್ಷಗಟ್ಟಲೆ ನನ್ನ ಹೆಸರು ಹೇಳುತ್ತಾರೆ.

ವಿಭಾಳಿಗೆ ಇದು ಕಾಣುವುದೇ ಇಲ್ಲ. ಅವಳ ಕಣ್ಣಿಗೆ ಏನೂ ತಪ್ಪುವುದಿಲ್ಲವಂತೆ!

ಲಾಗ್‌ಬುಕ್ಕಿನ ನನ್ನ ಪುಟಗಳನ್ನೆಲ್ಲ ಮತ್ತೊಮ್ಮೆ ಓದಿದೆ, ತಪ್ಪಿಲ್ಲ. ಅವಳ ಪುಟಗಳನ್ನು ಓದಲಿಲ್ಲ. ಆ ಮುದ್ದು ಮುದ್ದು ಅಕ್ಷರ ನೋಡಿದರೇ ನನಗಾಗದು. ಉಡುಪಿಯಲ್ಲಿ ಇಳಿದು ಬನ್ನಂಜೆಯಲ್ಲಿ ಐಸ್‌ಕ್ರೀಮ್ ತಿಂದೆ, ಒಬ್ಬಳೇ, ದೊಡ್ಡ ಗ್ಲಾಸಿನದ್ದು. ಮನೆಗೆ ಬಂದು ಮಾಂಯ್ ಹತ್ತಿರವೂ ಒಳ್ಳೆಯ ಮಾತಾಡಿದೆ.

ಆಗಸ್ಟ್ 9, ಶನಿವಾರ

ಸರ್ ಲ್ಯಾಬಿನವರನ್ನೆಲ್ಲ ಕಾಪುವಿಗೆ ಕರೆದುಕೊಂಡು ಹೋಗಿದ್ದರು. ಕಡಲು ಕೆಂಪು ನೀರು ತುಂಬಿಕೊಂಡು ಬೊಬ್ಬೆ ಹೊಡೆಯುತ್ತಿತ್ತು. ನೀರಿಗೆ ಇಳಿಯಲು ಬಿಡುವುದಿಲ್ಲ, ದೀಪಸ್ತಂಭದ ಬಂಡೆಯ ಕೆಳಗೆ ಕೊಡೆ ಹಿಡಿದುಕೊಂಡು ಗೋಳಿಬಜೆ ತಿಂದೆವು. ಸರ್ ಜೈನರು, ಕತ್ತಲಾದ ಮೇಲೆ ತಿನ್ನುವುದಿಲ್ಲ. ಅವರಿಗೆ ಹೊತ್ತು ಮೀರಬಾರದೆಂದು ವಿಭಾ ಗಡಿಯಾರ ನೋಡಿ ನೋಡಿ ಮೊದಲ ಪ್ಲೇಟ್ ಅವರಿಗೆ ಕೊಡಿಸಿದಳು. ಆರು ವರ್ಷದಲ್ಲಿ ನನಗೆ ಇದು ಹೊಳೆದೇ ಇರಲಿಲ್ಲ. ಹೊಳೆದಿದ್ದರೂ ಮಾಡುತ್ತಿರಲಿಲ್ಲ, ಬೆಣ್ಣೆ ಹಚ್ಚುವುದು ನನಗೆ ಬರುವುದಿಲ್ಲ.

ಅವಳು ನನ್ನ ಕೊಡೆಯೊಳಗೆ ತೂರಿಕೊಂಡು, “ಅಕ್ಕ, ನೀವು ಈಚೆಗೆ ಮಾತಾಡುವುದೇ ಇಲ್ಲ. ಎಂತ ಆಯಿತು?” ಅಂದಳು.

“ಮಾತಾಡಬಾರದು ಅಂತಲ್ವಾ ನಿಯಮ?”

“ಲೆಕ್ಕದ ವಿಷಯ ಮಾತ್ರ ಅಲ್ವಾ ಅಕ್ಕ? ಊಟ ಆಯಿತಾ ಅಂತ ಕೇಳಬಹುದಲ್ಲ?”

ನಕ್ಕುಬಿಟ್ಟೆ. ಅವಳೂ ನಕ್ಕಳು. ಮಳೆಗೆ ಅವಳ ಎಡ ಭುಜ ನೆನೆಯುತ್ತಿತ್ತು. ಕೊಡೆ ಸ್ವಲ್ಪ ಆಚೆ ಸರಿಸಬಹುದಿತ್ತು, ಸರಿಸಲಿಲ್ಲ.

ಆಗಸ್ಟ್ 19, ಮಂಗಳವಾರ

ಮಧ್ಯಾಹ್ನ ವಿಭಾ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಪೆನ್ಸಿಲ್, ಕಣ್ಣು ಕೆಂಪಾಗಿತ್ತು.

“ಅಕ್ಕ, ಒಂದೇ ಒಂದು ಕೇಳಲಿಕ್ಕುಂಟು. ಗ್ರಾಫಿನ ವಿಷಯ ಅಲ್ಲ. ಆ ಆರು, ಏಳನೇ ಕೇಬಲ್...”

ನಾನು ಕೈ ಎತ್ತಿ ತಡೆದೆ. “ವಿಭಾ, ನಿಯಮ ನಿಯಮವೇ. ಸರ್ ಹತ್ತಿರ ಹೇಳಬೇಕಾ?”

ಮುಖ ಚಿಕ್ಕದಾಯಿತು. “ಬೇಡ ಅಕ್ಕ. ಸಾರಿ” ಎಂದು ಹೋದಳು.

ಅವಳಿಗೆ ಏನೋ ವಾಸನೆ ಬಡಿದಿದೆ. ಆದರೆ ಖಚಿತವಿಲ್ಲ. ಇರಲಿ, ಒದ್ದಾಡಲಿ. ಆರು ವರ್ಷ ನಾನು ಒದ್ದಾಡಿಲ್ಲವೇ?

ಸೆಪ್ಟೆಂಬರ್ 3, ಬುಧವಾರ

ಕವರ್ ಕೊಟ್ಟೆ. ವಿಭಾಳದ್ದು ಆಗಲೇ ಬಂದಿತ್ತು. ರಮಾಮಣಿ ಎರಡನ್ನೂ ಗೋದ್ರೇಜ್ ಕಪಾಟಿನಲ್ಲಿಟ್ಟು ಬೀಗ ಹಾಕಿ, “ಎಂತ ಮೇಡಂ, ಮದುವೆ ಜಾತಕದ ಹಾಗೆ ಕೊಡುತ್ತೀರಲ್ಲ ಇಬ್ಬರೂ” ಅಂದರು. ವಿಭಾಳ ಕವರ್ ನನ್ನದಕ್ಕಿಂತ ದಪ್ಪ. ಸಂಜೆಯವರೆಗೆ ಅದೇ ತಲೆಯಲ್ಲಿ ಕೊರೆಯಿತು.

ಸೆಪ್ಟೆಂಬರ್ 5, ಶುಕ್ರವಾರ

ಏಕೆ ಓದಿದೆನೋ!

ನಾಳೆ ಅವಳೇನಾದರೂ ನನ್ನ ಮೇಲೆ ಹೇಳಿದರೆ ಎದುರು ಹೇಳಲು ಒಂದು ಹುಳುಕು ಕೈಯಲ್ಲಿರಲಿ ಎಂದು ಲಾಗ್‌ಬುಕ್ಕಿನಲ್ಲಿ ವಿಭಾಳ ಪುಟಗಳನ್ನು ತೆರೆದೆ. ನಾನು ಮೂಗು ಊದಿಸಿಕೊಂಡು ಗೆಸ್ಟ್ ಹೌಸಿಗೆ ಹೋದ ದಿನದ ಪುಟ. ಕಿರಣ ಬರುವುದಕ್ಕೆ ಒಂದು ಗಂಟೆ ಮೊದಲಿನ ಸಮಯ ಹಾಕಿ ಬರೆದಿದ್ದಾಳೆ: “ಆರು, ಏಳನೇ ಕೇಬಲ್‌ಗಳು ಅದಲುಬದಲಾಗಿದ್ದವು. ಸರಿ ಮಾಡಿ ಹಾಕಿದ್ದೇನೆ. ಸಾಕೆಟ್ ಪರೀಕ್ಷಿಸಿದೆ, ಗಟ್ಟಿ ಇದೆ. ಜೋಸ್ಲಿನ್ ಅಕ್ಕ ಸುಸ್ತಾಗಿ ಹೋಗಿದ್ದಾರೆ, ಎಬ್ಬಿಸಲಿಲ್ಲ.”

ಆಮೇಲೆ ನಾನು ಕೇಬಲ್ ಮುಟ್ಟಿಯೇ ಇಲ್ಲ. ಕಿರಣ ಬಂದಾಗ ಎಲ್ಲವೂ ಸರಿಯಾಗಿಯೇ ಇತ್ತು. ಸರಿಯಿದ್ದದ್ದನ್ನು ತಿರುವಿ ಹಾಕಿ ತಗ್ಗು, ಉಬ್ಬು ಎರಡನ್ನೂ ಹುಟ್ಟಿಸಿದವಳು ನಾನು. ತಗ್ಗಿನಷ್ಟೇ ಉಬ್ಬು ಎಂದು ಬರೆದು ಚೆಂದ ಎಂದೆನಲ್ಲ, ಎರಡು ಎಣಿಕೆ ಜಾಗ ಬದಲಿಸಿವೆ ಎಂದು ಮೊದಲ ವರ್ಷದ ಮಕ್ಕಳಿಗೂ ಗೊತ್ತಾಗುವ ಲಕ್ಷಣ ಅದು.

ಕವರ್ ಕಪಾಟಿನಲ್ಲಿ ಉಂಟು. ನಾಳೆ ಅವಳ ಕವರಿನಿಂದ ನುಣುಪಾದ ಗ್ರಾಫ್ ಬರುತ್ತದೆ, ಎಲ್ಲರ ಎದುರು ನನ್ನ ಮಾನ ಹೋಗುತ್ತದೆ, ಅವಳು ಜಪಾನಿಗೆ ಹೋಗುತ್ತಾಳೆ. ಆ ಮುದ್ದು ಅಕ್ಷರ! ಎಬ್ಬಿಸಬಹುದಿತ್ತಲ್ಲ ನನ್ನನ್ನು? ಮರುದಿನ ಬಾಯಿಬಿಟ್ಟು ಹೇಳಬಹುದಿತ್ತಲ್ಲ? ತಪ್ಪು ಅವಳದ್ದೂ ಉಂಟು.

ಸೆಪ್ಟೆಂಬರ್ 6, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹತ್ತೂವರೆಗೆ ಸೆಮಿನಾರ್ ಹಾಲ್. ಹನ್ನೆರಡು ಹದಿಮೂರು ಜನ. ರಮಾಮಣಿ ಕವರ್‌ಗಳನ್ನು ತಂದರು. ಸರ್ ಮೊದಲು ನನ್ನದನ್ನು ಒಡೆದು ಗ್ರಾಫ್ ಪರದೆಗೆ ಹಾಕಿದರು. ತಗ್ಗು ನೋಡಿ ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು. ಸರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

ಆಮೇಲೆ ವಿಭಾಳದ್ದು. ಒಳಗೆ ಎರಡು ಗ್ರಾಫ್ ಇದ್ದವು. ಒಂದು ನುಣುಪು. ಇನ್ನೊಂದು ನನ್ನದರ ಅಚ್ಚು, ಅದೇ ತಗ್ಗು, ಅದೇ ಉಬ್ಬು. ಜೊತೆಗೆ ಒಂದು ಹಾಳೆ. ಸರ್ ಗಟ್ಟಿಯಾಗಿ ಓದಿದರು.

“ಕೇಬಲ್ ಸರಿಯಾಗಿದ್ದರೆ ಮೊದಲನೆಯದು, ಅದಲುಬದಲಾಗಿದ್ದರೆ ಎರಡನೆಯದು. ಕಿರಣ ಬರುವ ಮೊದಲು ನಾನು ಸರಿ ಮಾಡಿದ್ದೆ. ಆದರೆ ಜೋಸ್ಲಿನ್ ಅಕ್ಕ ಬೇಕೆಂದೇ ಹಾಗೆ ಹಾಕಿದ್ದು, ಆಮೇಲೆ ಬಂದು ನೋಡಿ ಮತ್ತೆ ಅದಲುಬದಲು ಮಾಡಿದ್ದು ಇರಬಹುದು. ನಿಯಮ ಇರುವುದರಿಂದ ಕೇಳಲಾಗಲಿಲ್ಲ. ಕೇಬಲ್‌ಗಳ ಜವಾಬ್ದಾರಿ ಕೊನೆಯವರೆಗೂ ಅವರದ್ದು. ಅವರ ಕವರಿನಲ್ಲಿ ಇರುವುದನ್ನೇ ಸರಿ ಎಂದು ತೆಗೆದುಕೊಳ್ಳಬೇಕು.”

ಸರ್ ನನ್ನ ಕಡೆ ತಿರುಗಿದರು.

“ನುಣುಪಾಗಿದೆ ಎಂಬ ಕಾರಣಕ್ಕೆ ಒಂದನ್ನು ನಂಬುವ ಹಾಗಿಲ್ಲ. ಕೇಬಲ್ ಮುಟ್ಟಿದವರೇ ಹೇಳಬೇಕು. ಜೋಸ್ಲಿನ್, ಕಿರಣ ಬರುವಾಗ ಅದಲುಬದಲಾಗಿಯೇ ಇತ್ತಾ?”

“ಹೌದು ಸರ್” ಅಂದೆ.

ಅಷ್ಟೇ. ಎರಡು ಪದ. ಬಾಯಿಯಿಂದ ಹೇಗೆ ಬಂತೆಂದು ಈಗಲೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದು ಸುಳ್ಳು, ಗೊತ್ತಿದ್ದೇ ಹೇಳಿದೆ.

ಮೊದಲು ಚಪ್ಪಾಳೆ ತಟ್ಟಿದವಳು ವಿಭಾ. ಸರ್ ಕೈ ಕುಲುಕಿ, “ನವೆಂಬರಿಗೆ ತಯಾರಾಗಿ” ಅಂದರು. ರಮಾಮಣಿ ಲಡ್ಡು ತರಿಸಿದರು. ವಿಭಾ ನನ್ನ ಕೈ ಹಿಡಿದುಕೊಂಡು, “ಅಕ್ಕ, ನಾನು ಸರಿ ಮಾಡಿದ್ದೇ ತಪ್ಪಾಯಿತು ನೋಡಿ. ನಿಮ್ಮ ಜಾಗದಲ್ಲಿ ಇನ್ನೊಬ್ಬರಾಗಿದ್ದರೆ ನನಗೆ ಎಲ್ಲರೆದುರು ಬೈಯುತ್ತಿದ್ದರು” ಅಂದಳು.

ಬಯಸಿದ್ದೆಲ್ಲ ಸಿಕ್ಕಿತು. ಲಡ್ಡು ತಿನ್ನಲಾಗಲಿಲ್ಲ, ಟಿಶ್ಯೂವಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿದೆ. ಇಷ್ಟಾದರೂ ಅವಳ ಮೇಲಿನ ಹೊಟ್ಟೆಕಿಚ್ಚು ಹೋಗಲಿಲ್ಲವಲ್ಲ. ಜಾಸ್ತಿಯೇ ಆಗಿದೆ. ಸೋತವಳು ಅಷ್ಟು ಹಗುರಾಗಿ ಹೇಗೆ ನಗುತ್ತಾಳೆ?

ಸೆಪ್ಟೆಂಬರ್ 7, ಭಾನುವಾರ

ಚರ್ಚಿನ ಪೂಜೆ ಮುಗಿಸಿ ಇಗರ್ಜಿಯಿಂದ ಮನೆಗೆ ಬರಲಿಲ್ಲ. ಬೆಳ್ಮಣ್‌ನಲ್ಲಿ ಬಸ್ ಬದಲಿಸಿ ಕಾರ್ಕಳಕ್ಕೆ ಹೋದೆ. ಅವಳ ಮನೆ ಆನೆಕೆರೆಯ ಹತ್ತಿರ. ತಂದೆ ವಿಷ್ಣುಮೂರ್ತಿಯವರು ಬಾಗಿಲು ತೆಗೆದು, “ಓ, ಜೋಸ್ಲಿನ್ ಅಲ್ವಾ? ನಿನ್ನೆಯಿಂದ ನಿಮ್ಮದೇ ಸುದ್ದಿ ಮನೆಯಲ್ಲಿ, ಬನ್ನಿ ಬನ್ನಿ” ಎಂದು ಪೇಪರ್ ಬದಿಗಿಟ್ಟು ಕುರ್ಚಿ ಎಳೆದರು. ಕೂರಲಾಗಲಿಲ್ಲ. ವಿಭಾಳನ್ನು ಅಂಗಳಕ್ಕೆ ಕರೆದು ಹೇಳಿದೆ. ಎಲ್ಲವನ್ನೂ. ನೋಟ್‌ಬುಕ್, ಶುಕ್ರವಾರ ಅವಳ ಪುಟ ಓದಿದ್ದು, ನಿನ್ನೆಯ “ಹೌದು ಸರ್”.

ಅಳುತ್ತಾಳೆ ಅಂದುಕೊಂಡಿದ್ದೆ. ಅಥವಾ ಪರವಾಗಿಲ್ಲ ಅಕ್ಕ ಎನ್ನುತ್ತಾಳೆ ಎಂದು. ಎರಡೂ ಮಾಡಲಿಲ್ಲ.

“ಆ ದಿನ ನಿಮ್ಮ ಬಾಗಿಲಿಗೆ ಬಂದಿದ್ದೆ ನಾನು” ಅಂದಳು. “ಕೇಬಲ್ ಮತ್ತೆ ಮುಟ್ಟಿದಿರಾ ಅಂತ ಕೇಳಲಿಕ್ಕೆ. ಉಂಟು, ಇಲ್ಲ, ಒಂದು ಮಾತು ಸಾಕಿತ್ತು.”

“ಗೊತ್ತು.”

“ನನ್ನ ಅಕ್ಷರದಲ್ಲೇ ಬರೆದಿತ್ತು ನಾನು ಸರಿ ಮಾಡಿದ್ದೇನೆ ಅಂತ. ನನ್ನ ಅಕ್ಷರವನ್ನು ಬಿಟ್ಟು ನಿಮ್ಮನ್ನು ನಂಬಿದೆ. ಅಷ್ಟು ಬುದ್ಧಿ ಇಲ್ಲದವಳಾ ನಾನು? ಇಲ್ಲ. ನೀವು ಕಲಿಸಿದವರು ಅಂತ ನಂಬಿದ್ದು.” ಧ್ವನಿ ನಡುಗುತ್ತಿತ್ತು, ದುಃಖದಿಂದಲ್ಲ, ಸಿಟ್ಟಿನಿಂದ. ಅವಳಿಗೆ ಸಿಟ್ಟು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. “ನನಗೆ ಹೇಳಿ ಎಂತ ಪ್ರಯೋಜನ ಈಗ? ಸರ್ ಹತ್ತಿರ ಹೇಳಿ.”

ಒಳಗಿನಿಂದ ತಂದೆ ಕಾಫಿ ಆಯಿತು ಎಂದು ಕರೆದರು. ಅವಳು ನನ್ನನ್ನು ಕರೆಯದೆ ಒಳಗೆ ಹೋದಳು. ನಾನು ಗೇಟು ಹಾಕಿಕೊಂಡು ಬಂದೆ.

ಸೆಪ್ಟೆಂಬರ್ 8, ಸೋಮವಾರ

ಮೊಂತಿ ಹಬ್ಬ. ಮಕ್ಕಳು ಬುಟ್ಟಿ ತುಂಬ ಹೂ ತಂದು ಮಾತೆ ಮರಿಯಮ್ಮನಿಗೆ ಹಾಕಿದರು. ಹೊಸ ಭತ್ತದ ತೆನೆ ಮನೆಗೆ ಬಂತು. ಮಾಂಯ್ ಊಟ ಮುಗಿಸಿ ಹೋಗು ಎಂದು ಬೈದರೂ ಕೇಳದೆ ಮಣಿಪಾಲಕ್ಕೆ ಹೊರಟೆ.

ಸರ್ ಎಲ್ಲವನ್ನೂ ಕೇಳಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಿಟಕಿಯ ಹೊರಗೆ ನೋಡುತ್ತ, “ಲೆಕ್ಕ ತಪ್ಪುವುದು ಬೇರೆ, ಇದು ಬೇರೆ” ಅಂದರು. ನಾನು ಫಲಿತಾಂಶ ಹಿಂತೆಗೆದುಕೊಂಡದ್ದನ್ನು ಕಾರಣ ಸಮೇತ ಬರೆದುಕೊಡಬೇಕು. ಹೆಸರು ಮೊದಲು ವಿಭಾಳದ್ದು, ಸೀಟೂ ಅವಳದ್ದು. ಪೇಪರಿನಲ್ಲಿ ನನ್ನ ಹೆಸರು ಇರಬೇಕೋ ಬೇಡವೋ ಎನ್ನುವುದನ್ನು ಅವಳೇ ತೀರ್ಮಾನಿಸಿ ಸಹಿ ಹಾಕಬೇಕು.

ಸಂಜೆ ಮನೆಗೆ ಬಂದಾಗ ಮಾಂಯ್ ಬಾಳೆಲೆಯಲ್ಲಿ ಹೊಸ ಅಕ್ಕಿಯ ಊಟ ಎತ್ತಿಟ್ಟಿದ್ದಳು. ಹಸಿವಾಗಿತ್ತು, ಪೂರ್ತಿ ಉಂಡೆ.

ಸೆಪ್ಟೆಂಬರ್ 11, ಗುರುವಾರ

ಆಫೀಸಿನಲ್ಲಿ ಕೂತು ಪತ್ರ ಬರೆದೆ. ಕಾರಣ ಎಂಬಲ್ಲಿ ಪೆನ್ನು ನಿಂತಿತು. ರಮಾಮಣಿ ಬಗ್ಗಿ ನೋಡಿ ಮೆಲ್ಲಗೆ, “ತಾಂತ್ರಿಕ ದೋಷ ಅಂತ ಹಾಕಿ ಮೇಡಂ, ಎಲ್ಲರೂ ಹಾಗೇ ಹಾಕುವುದು” ಅಂದರು. ಒಳ್ಳೆಯ ಹೆಂಗಸು. ನಾನು, “ತಪ್ಪು ಎಂದು ಗೊತ್ತಿದ್ದೂ ಹೌದು ಎಂದೆ” ಎಂದು ಬರೆದೆ. ಅವರು ಓದಿ ತಮ್ಮ ಕುರ್ಚಿಗೆ ಹಿಂದಿರುಗಿದರು.

ಪತ್ರವನ್ನು ನಾನೇ ವಿಭಾಳ ಮೇಜಿಗೆ ಒಯ್ದೆ. ನಾಲ್ಕು ದಿನದಿಂದ ಅವಳು ನನ್ನ ಮುಖ ನೋಡಿಲ್ಲ. ಎರಡು ಸಲ ಓದಿದಳು. ಸರ್ ಮೂರು ಸಲ ಅವಳ ಮೇಜಿಗೆ ಬಂದರು ಎಂದು ಎಣಿಸುತ್ತಿದ್ದೆನಲ್ಲ, ಆ ಮೇಜಿನ ಮೇಲೆ ಒಂದು ಕಡೆ ಜಪಾನಿನ ವೀಸಾ ಅರ್ಜಿ ಇತ್ತು. ಕಣ್ಣು ಅಲ್ಲಿಗೇ ಹೋಯಿತು. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

“ಹೆಸರು ಇರಲಿ” ಅಂದಳು. “ಡಿಟೆಕ್ಟರ್ ಕಟ್ಟಿದ್ದು ನೀವೇ ಅಲ್ವಾ.” ಸಹಿ ಹಾಕಿದಳು. ಆಮೇಲೆ ಮೊದಲ ಸಲ ತಲೆಯೆತ್ತಿ ನೋಡಿದಳು. “ಆದರೆ ಮುಂದೆ ಯಾವ ಪ್ರಯೋಗದಲ್ಲೂ ನಿಮ್ಮ ಜೊತೆ ಶಿಫ್ಟ್ ಬೇಡ ಅಂತ ಸರ್ ಹತ್ತಿರ ಹೇಳಿದ್ದೇನೆ. ನಿಮಗೆ ನಾನೇ ಹೇಳಬೇಕು ಅಂತ ಇತ್ತು.”

ಸರಿ ಅಂದೆ. ಪತ್ರವನ್ನು ರಮಾಮಣಿಯವರಿಗೆ ಕೊಟ್ಟು ಹೊರಗೆ ಬಂದೆ. ಬಸ್ಸಿನಲ್ಲಿ ಉದ್ಯಾವರ ದಾಟುವವರೆಗೂ ಅವಳ ಆ ಸಹಿಯನ್ನೇ ಯೋಚಿಸಿದೆ.

ಅವಳ ಜಾಗದಲ್ಲಿ ನಾನಿದ್ದಿದ್ದರೆ ಸಹಿ ಹಾಕುತ್ತಿರಲಿಲ್ಲ.